ಭಾವ, ಲಾಯರ್ ಮತ್ತು ಸಮಾನತೆ

ನಮ್ಮ ಭಾವ ಒಂದು ಶಾಲೆ ನಡೆಸುತ್ತಾರೆ. ಹೋದ ವಾರ ಯಾರೋ ಪೋಷಕರು "ನಿಮ್ಮಲ್ಲಿ ತಾರತಮ್ಯ ಮಾಡ್ತೀರಿ" ಅಂತ ಕಾಗದ ಬರೆದರಂತೆ. ಆವತ್ತಿಂದ ಭಾವನಿಗೆ ನಿದ್ದೆ ಇಲ್ಲ. ಹಾಗಂತ ನಿಜವಾಗ್ಲೂ ತಾರತಮ್ಯ ಇದೆಯಾ ಅಂತ ಒಂದು ಸುತ್ತು ಹಾಕಿ ನೋಡಿದರು ಅಂದ್ಕೋಬೇಡಿ. ಸೀದಾ ಲಾಯರ್ ಹತ್ತಿರ ಹೊರಟರು. ಜೊತೆಗೆ ನಾನು, ಸುಮ್ನೆ ಧೈರ್ಯಕ್ಕೆ.

ಲಾಯರ್ ಸಾಹೇಬರು ಅಡ್ಮಿಷನ್ ಫಾರಂ ಕೈಗೆತ್ತಿಕೊಂಡರು. ಅಪ್ಪ ಅಮ್ಮ ಏನು ಓದಿದ್ದಾರೆ, ಮನೆ ಸ್ವಂತದ್ದೋ ಬಾಡಿಗೆಯೋ, ಕಾರು ಇದೆಯೋ.

"ಕಾರು ಯಾಕ್ರೀ?"

"ಪಾರ್ಕಿಂಗ್ ಪ್ಲಾನ್ ಮಾಡೋಕೆ ಸರ್." ಭಾವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಒಂದನೇ ಕ್ಲಾಸಿಗೆ ಇಂಟರ್‌ವ್ಯೂ ಮಾಡ್ತೀರಾ?"

"ಮಾಡ್ತೀವಿ. ಅಪ್ಪ ಅಮ್ಮನಿಗೂ ಮಾಡ್ತೀವಿ."

"ಮಾಡೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, 13ನೇ ಸೆಕ್ಷನ್. ಮೊದಲ ಸಲ 25,000 ರೂಪಾಯಿವರೆಗೆ ದಂಡ. ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ."

ಭಾವ ಬೆರಳು ಮಡಿಚಿ ಲೆಕ್ಕ ಹಾಕಿದರು. ಒಂದು ಸೀಟಿನ ಫೀಸಿಗಿಂತ ದಂಡವೇ ಅಗ್ಗ. ಮುಖ ಅರಳಿತು.

"ಅಷ್ಟೆಲ್ಲ ಯಾಕೆ," ಅಂದರು ಲಾಯರ್. "ಇಂಟರ್‌ವ್ಯೂ ಅನ್ನಬೇಡಿ, 'ಇಂಟರ್ಯಾಕ್ಷನ್' ಅನ್ನಿ." ಮುಗೀತು. ಅದೇ ಮೇಡಂ, ಅದೇ ಕುರ್ಚಿ, ಅಮ್ಮನ ಸೆರಗು ಬಾಯಿಗಿಟ್ಟುಕೊಂಡು ಕೂತ ಅದೇ ಮಗು. ಬಾಗಿಲಿನ ಬೋರ್ಡು ಮಾತ್ರ ಹೊಸದು.

ಆಮೇಲೆ ಬಂತು, ಅದೇ ಕಾಯ್ದೆ ಪ್ರಕಾರ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಕೊಡಬೇಕಾದ ಶೇ 25 ಸೀಟು. 2012ರಲ್ಲಿ ಸುಪ್ರೀಂ ಕೋರ್ಟು, ಕೊಡಲೇಬೇಕು ಅಂದಿತ್ತು. ಅನುದಾನ ಪಡೆಯದ ಅಲ್ಪಸಂಖ್ಯಾತರ ಶಾಲೆಗಳಿಗೆ ಮಾತ್ರ ವಿನಾಯಿತಿ. ಆಮೇಲೆ ನಮ್ಮ ರಾಜ್ಯದಲ್ಲಿ ಭಾಷಾ ಅಲ್ಪಸಂಖ್ಯಾತರು ಅನ್ನೋ ಸರ್ಟಿಫಿಕೇಟಿಗೆ ಎಂಥಾ ನೂಕುನುಗ್ಗಲು! ಆಟದ ಮೈದಾನದಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವವರಿಗೂ ಇದ್ದಕ್ಕಿದ್ದ ಹಾಗೆ ತಾಯಿಭಾಷೆ ನೆನಪಾಯಿತು.

"ನಮ್ಮಜ್ಜಿ ತೆಲುಗು ಮಾತಾಡೋರು ಸರ್," ಅಂದರು ಭಾವ ಆಸೆಯಿಂದ.

"ಯಾವಾಗ?"

"ಬೈಯೋವಾಗ."

ಲಾಯರ್ ಅಜ್ಜಿಯನ್ನು ಅಲ್ಲೇ ಬಿಟ್ಟರು. "ಅಜ್ಜಿ ಬೇಡ ಬಿಡಿ. 2019ರ ಜನವರಿಯಲ್ಲಿ ಸರ್ಕಾರವೇ ನಿಯಮ ತಿದ್ದಿದೆ. ಅಕ್ಕಪಕ್ಕ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ನೀವು ಆ ಸೀಟು ಕೊಡಬೇಕಿಲ್ಲ. ಹೈಕೋರ್ಟೂ ಅದನ್ನ ಎತ್ತಿಹಿಡಿದಿದೆ."

ಅದುವರೆಗೂ ಭಾವ ಪಕ್ಕದ ಬೀದಿಯ ಸರ್ಕಾರಿ ಶಾಲೆಯನ್ನು "ಆ ಹಂಚಿನ ಶಾಲೆ" ಅಂತಿದ್ದರು. ಈಗ ಅದರ ಹೆಂಚು ಸೋರುತ್ತಿದೆಯಾ, ಮುಚ್ಚಿಗಿಚ್ಚಿ ಹೋದರೆ ಗತಿಯೇನು ಅಂತ ಅವರಿಗೇ ಚಿಂತೆ.

"2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗೊತ್ತಲ್ವಾ? ರ್‍ಯಾಂಪ್ ಇದೆಯಾ?"

"ಇದೆ ಸರ್. ಫೋಟೋನೂ ಇದೆ."

ಆ ರ್‍ಯಾಂಪ್ ನಾನೂ ಕಂಡಿದ್ದೇನೆ. ಶುರುವಿನಲ್ಲೇ ಚೈನು, ಬೀಗ. ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಊಟಕ್ಕೆ. ಹಾಗೂ ಹೀಗೂ ಮೇಲೆ ಹತ್ತಿದರೆ ಕೊನೆಯಲ್ಲಿ ಎರಡು ಮೆಟ್ಟಿಲು, ಅದರ ಮೇಲೆ ಕ್ರೋಟನ್ ಕುಂಡ. ವರ್ಷಕ್ಕೊಮ್ಮೆ ಸ್ಕೂಲ್ ಡೇ ದಿನ ಕುಂಡ ಸರಿಸುತ್ತಾರೆ, ಸೌಂಡ್ ಬಾಕ್ಸ್ ತಳ್ಳಿಕೊಂಡು ಹೋಗೋಕೆ. ಗಾಲಿಕುರ್ಚಿ ಮಗು ಬಂದರೆ? "ನಿಮ್ಮ ಮಗುವಿನ ಒಳ್ಳೇದಕ್ಕೇ ಹೇಳ್ತಿದೀವಿ" ಅಂತ ಇನ್ನೊಂದು ಶಾಲೆಯ ವಿಳಾಸ ಕೊಡುತ್ತಾರೆ. ವಿಳಾಸ ಪ್ರಿಂಟ್ ಮಾಡಿಸಿ ಇಟ್ಟಿದ್ದಾರೆ.

ಕೊನೆಗೆ ಲಾಯರ್ ಉತ್ತರ ಬರೆಸಿದರು. "ನಮ್ಮ ಸಂಸ್ಥೆಯಲ್ಲಿ ಎಲ್ಲ ಮಕ್ಕಳೂ ಸಮಾನರು" ಅಂತ ಶುರು. ಇದನ್ನು ಗೇಟಿನ ಮೇಲೂ ಬರೆಸಬಹುದಲ್ವಾ ಅಂತ ಭಾವನಿಗೆ ಖುಷಿ. ಎದ್ದು ನಿಂತು, ಫೀಸು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಂದರು.

"ಎಲ್ಲರಿಗೂ ಒಂದೇ ರೇಟು ಸ್ವಾಮಿ. ನಾನು ತಾರತಮ್ಯ ಮಾಡಲ್ಲ."

ಭಾವ ಜೇಬಿಂದ ದುಡ್ಡು ಎಳೆದರು. ನೋಟಿನ ಜೊತೆ ನಾಲ್ಕು ಮಡಿಕೆಯ ಒಂದು ಕಾಗದವೂ ಮೇಜಿನ ಮೇಲೆ ಬಿತ್ತು.

"ಇದೇನು?"

"ಅದೇ ಸರ್, ಆ ಪೋಷಕರು ಬರೆದದ್ದು," ಅಂತ ಹೇಳಿ ಭಾವ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.