384 ನೆಂಟರ ಮೇಲೊಂದು ಅಧ್ಯಯನ

ವಿಶ್ವವಿದ್ಯಾಲಯದ ಸಂಶೋಧನೆಗೆ ಜನ ಸಿಗುವುದಿಲ್ಲ ಅಂತ ಯಾರಾದರೂ ಗೋಳಾಡಿದರೆ ನಂಬಲೇಬೇಡಿ. ಸಂಶೋಧನೆಗೆ ಮೈಯೊಡ್ಡುವ ಉತ್ಸಾಹಿಗಳು ನಮ್ಮಲ್ಲಿ ಓಣಿಗೊಬ್ಬರು ಸಿಗುತ್ತಾರೆ. ವಾಟ್ಸಾಪ್ ಇದ್ದವರೆಲ್ಲ ಸ್ವಯಂಸೇವಕರೇ. ಪಾಪ, ಅವರಿಗೇ ಅದು ಗೊತ್ತಿರುವುದಿಲ್ಲ, ಅಷ್ಟೇ.

ಎಂಬಿಎ, ಎಂಕಾಂ ಪ್ರಾಜೆಕ್ಟಿನ ಸೀಸನ್ ಬಂತೆಂದರೆ ಅಪಾರ್ಟ್‌ಮೆಂಟ್ ಗ್ರೂಪು, ನೆಂಟರ ಗ್ರೂಪು, ಹತ್ತನೇ ಕ್ಲಾಸಿನ ಹಳೇ ವಿದ್ಯಾರ್ಥಿಗಳ ಗ್ರೂಪು, ಎಲ್ಲ ಕಡೆ ಒಂದೇ ಮೆಸೇಜು. ಮೇಲೆ ಕೈಮುಗಿದ ಇಮೋಜಿ, ನಡುವೆ "ಬರೀ ಎರಡೇ ನಿಮಿಷ", ಕೆಳಗೆ ಗೂಗಲ್ ಫಾರ್ಮಿನ ಲಿಂಕು. ಪಿಎಚ್‌ಡಿಯವರಿಗೆ ಸೀಸನ್ ಅಂತಿಲ್ಲ, ಅವರದು ವರ್ಷವಿಡೀ. ಆ ಎರಡು ನಿಮಿಷದಲ್ಲಿ ನಿಮ್ಮ ಒಲೆ ಮೇಲಿನ ಹಾಲು ಉಕ್ಕಿ, ಸೀದು, ತಳ ಹಿಡಿದರೂ ಫಾರ್ಮಿನ ಎರಡನೇ ಪುಟ ಮುಗಿದಿರುವುದಿಲ್ಲ.

ಮೊದಲ ಪುಟವಂತೂ ಓದಲೇಬೇಕು. "ಈ ಅಧ್ಯಯನದಲ್ಲಿ ಭಾಗವಹಿಸುವುದು ಸಂಪೂರ್ಣ ನಿಮ್ಮ ಇಚ್ಛೆಗೆ ಬಿಟ್ಟದ್ದು. ಯಾವ ಹಂತದಲ್ಲಿ ಬೇಕಾದರೂ ಹಿಂದೆ ಸರಿಯಬಹುದು." ಎಂಥಾ ದೊಡ್ಡ ಮನಸ್ಸು! ಅದರ ಕೆಳಗೆ ಒಂದೇ ಒಂದು ಆಯ್ಕೆ: "ಒಪ್ಪಿದ್ದೇನೆ". ಒಪ್ಪದವರು ಎಲ್ಲಿ ಒತ್ತಬೇಕು ಅಂತ ಮೇಲೆ ಕೆಳಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಒಂದು ಕೆಂಪು ನಕ್ಷತ್ರ. ತಿಂಗಳ ಆದಾಯ ಹೇಳಲು ಮನಸ್ಸಿಲ್ಲ, ಮುಂದೆ ಹೋಗೋಣ ಅಂದರೆ ಫಾರ್ಮು ಗದರುತ್ತದೆ, ಇದು ಕಡ್ಡಾಯ ಪ್ರಶ್ನೆ ಅಂತ. ಇಚ್ಛೆ ನಿಮ್ಮದು, ನಕ್ಷತ್ರ ಅವರದು.

ಆಮೇಲೆ ಐದು ಗುಂಡಿಗಳ ಸಾಲು ಶುರು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. 1932ರಲ್ಲಿ ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬಾತ ಜನರ ಮನೋಭಾವ ಅಳೆಯಲು ಈ ಅಳತೆಗೋಲು ಮಾಡಿದ. ನಮ್ಮಲ್ಲಿ ಅದರಿಂದ ಅಳೆಯುವುದು ನೆಂಟರ ದಾಕ್ಷಿಣ್ಯವನ್ನು. ಒಂದು ಫೋನ್ ಮಾತುಕತೆ ನಾನೇ ಕೇಳಿಸಿಕೊಂಡದ್ದು, ಸ್ಪೀಕರ್ ಆನ್ ಇತ್ತು:

"ಚಿಕ್ಕಮ್ಮ, ಫಾರ್ಮ್ ಕಳ್ಸಿದ್ನಲ್ಲ, ತುಂಬಿದ್ರಾ?"

"ಅದೇನೋ ಮೊಬೈಲಲ್ಲಿ ಊಟ ತರಿಸೋದರ ಬಗ್ಗೆ ಇದೆಯಲ್ಲಪ್ಪ. ನಾನು ಯಾವತ್ತೂ ತರಿಸಿಲ್ವಲ್ಲೋ."

"ಪರ್ವಾಗಿಲ್ಲ, ವಾರಕ್ಕೆ ಮೂರು ಸಲ ಅಂತ ಒತ್ತಿ."

"ವಯಸ್ಸು ಕೇಳ್ತಿದೆ. ಅರವತ್ತೊಂದು ಹಾಕ್ಲಾ?"

"ಅಯ್ಯೋ ಬೇಡ, ನಿಮ್ಮ ವಯಸ್ಸಿನವರು ಆಗ್ಲೇ ಜಾಸ್ತಿ ಆಗಿದಾರೆ. 18ರಿಂದ 25 ಅಂತ ಹಾಕಿ."

ಚಿಕ್ಕಮ್ಮ ಹಾಕಿದರು. ಯಾಕೆ ಹಾಕಬಾರದು? ವಯಸ್ಸು ಕಡಿಮೆ ಮಾಡಿಕೊಳ್ಳಿ ಅಂತ ಒಂದು ವಿಶ್ವವಿದ್ಯಾಲಯವೇ ಕೇಳುತ್ತಿರುವಾಗ ಬೇಡ ಅನ್ನುವವರು ಯಾರು? ಮುಂದೆ ಇದೇ ಉತ್ತರ ಅಂಕಿಅಂಶದ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಹೊಕ್ಕು, ಮೂರು ದಶಮಾಂಶ ಸ್ಥಾನಗಳ ಸಮೇತ ಹೊರಬಂದು, "ನಗರದ ಯುವಜನರಲ್ಲಿ ಆನ್‌ಲೈನ್ ಆಹಾರದ ಒಲವು ಗಣನೀಯವಾಗಿದೆ" ಅಂತ ಪ್ರಬಂಧದ ಐದನೇ ಅಧ್ಯಾಯದಲ್ಲಿ ಕೂರುತ್ತದೆ. ಆ ಯುವಜನತೆ ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿರುತ್ತದೆ.

ಎಷ್ಟು ಜನ ಬೇಕು ಅನ್ನುವುದಕ್ಕೂ ಒಂದು ಮಂತ್ರವಿದೆ. 384. ಬೇಕಾದರೆ ಯಾವುದಾದರೂ ಪ್ರಬಂಧದ ಮೂರನೇ ಅಧ್ಯಾಯ ತೆಗೆದು ನೋಡಿ, ಈ ಸಂಖ್ಯೆ ಸಿಗುವ ಸಾಧ್ಯತೆ ಚೆನ್ನಾಗಿದೆ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು ಒಂದು ಪಟ್ಟಿ ಮಾಡಿಟ್ಟರು. ಹತ್ತು ಲಕ್ಷ ಜನರ ಬಗ್ಗೆ ತಿಳಿಯಬೇಕಾದರೂ 384 ಜನರನ್ನು ಕೇಳಿದರೆ ಸಾಕು ಅನ್ನುತ್ತದೆ ಅದು. ಲೆಕ್ಕವೇನೋ ಸರಿಯೇ. ಆದರೆ ಅದಕ್ಕೊಂದು ಷರತ್ತಿದೆ. ಆ 384 ಜನರನ್ನು ಚೀಟಿ ಎತ್ತಿದ ಹಾಗೆ, ಇಡೀ ಜನಸಂಖ್ಯೆಯಿಂದ ಯಾದೃಚ್ಛಿಕವಾಗಿ ಆರಿಸಬೇಕು. ನಾವು 384 ಇಟ್ಟುಕೊಂಡೆವು, ಷರತ್ತನ್ನು ಕೈಬಿಟ್ಟೆವು. ಕಾಂಟ್ಯಾಕ್ಟ್ ಲಿಸ್ಟಿನಲ್ಲಿ 'ಅ'ದಿಂದ ಶುರು ಮಾಡಿ 384 ಆಗುವವರೆಗೆ ಲಿಂಕು ಕಳಿಸುವುದಕ್ಕೆ ಶಾಸ್ತ್ರದಲ್ಲಿ ಗೌರವದ ಹೆಸರೇ ಇದೆ: ಅನುಕೂಲ ಮಾದರಿ. ಯಾರ ಅನುಕೂಲ ಅಂತ ಯಾರೂ ಕೇಳುವುದಿಲ್ಲ.

ಮೊಬೈಲಿನಲ್ಲಿ ತಪ್ಪಿಸಿಕೊಳ್ಳಬಹುದು, ಕ್ಲಾಸಿನಲ್ಲಿ ತಪ್ಪಿಸಿಕೊಳ್ಳಲಾಗದು. ಮೇಷ್ಟ್ರು ಪ್ರಶ್ನಾವಳಿಯ ಕಟ್ಟು ಹಿಡಿದು ಬರುತ್ತಾರೆ. "ಇಷ್ಟ ಇದ್ದವರು ಮಾತ್ರ ತುಂಬಿ" ಅನ್ನುತ್ತಾರೆ, ಅನ್ನುತ್ತಲೇ ಬಾಗಿಲ ಹತ್ತಿರ ನಿಲ್ಲುತ್ತಾರೆ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿ, ಹಾಜರಿ ಪುಸ್ತಕ ಅವರ ಕಂಕುಳಲ್ಲಿ. ಅರವತ್ತು ಮಕ್ಕಳಿಗೂ ಒಟ್ಟಿಗೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯಲ್ಲಿ, ಮೇಲಿನವರ ಹಂಗಿನಲ್ಲಿರುವ ವಿದ್ಯಾರ್ಥಿಗಳು, ನೌಕರರಂಥವರ ಬಗ್ಗೆ ಹೆಚ್ಚಿನ ಎಚ್ಚರ ಬೇಕು ಅಂತಿದೆ. ಅದು ಆರೋಗ್ಯ ಸಂಶೋಧನೆಯ ಮಾತು ಸ್ವಾಮಿ, ನಮ್ಮದು ವಾಣಿಜ್ಯ ವಿಭಾಗ ಅಂದುಬಿಟ್ಟರೆ ಮುಗಿಯಿತು.

ಅಮೆರಿಕದವರೂ ಸಾಚಾಗಳೇನಲ್ಲ. ಅಲ್ಲಿ ಮನಶ್ಶಾಸ್ತ್ರದ ಕ್ಲಾಸಿಗೆ ಸೇರಿದವರನ್ನೇ ಹಿಡಿದು ಕೂರಿಸಿ, ಬಂದದ್ದನ್ನು ಮನುಷ್ಯ ಕುಲದ ಸ್ವಭಾವ ಅಂತ ದಶಕಗಟ್ಟಲೆ ಬರೆದರು. ಆದರೂ ಒಂದು ವಿಷಯ ಮೆಚ್ಚಬೇಕು, ಕಾಸು ಕೊಡುತ್ತಿದ್ದರು. 1961ರಲ್ಲಿ ಯೇಲ್‌ನ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞ, ಅಪ್ಪಣೆ ಮಾಡಿದರೆ ಜನ ಇನ್ನೊಬ್ಬರಿಗೆ ಶಾಕ್ ಕೊಡುತ್ತಾರಾ ಅಂತ ನೋಡಿದ ತನ್ನ ಕುಖ್ಯಾತ ಪ್ರಯೋಗಕ್ಕೆ ಬಂದವರಿಗೆ ನಾಲ್ಕು ಡಾಲರ್ ಕೊಟ್ಟ, ಮೇಲೆ ಐವತ್ತು ಸೆಂಟ್ ಬಸ್ ಚಾರ್ಜು. 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದಲ್ಲಿ ಕೈದಿ, ಕಾವಲುಗಾರರ ವೇಷ ಹಾಕಿದ ಹುಡುಗರಿಗೆ ದಿನಕ್ಕೆ 15 ಡಾಲರ್. ನಮ್ಮಲ್ಲಿ "ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು". ಅಮೂಲ್ಯವಾದದ್ದಕ್ಕೆ ಬೆಲೆ ಕಟ್ಟುವ ಹಾಗಿಲ್ಲ, ಅಲ್ವಾ?

ಇಷ್ಟೆಲ್ಲ ಹೇಳುವಾಗ ನನಗೆ ಉರಿಯುವುದು ಯಾಕೆಂದರೆ, ನಿಜವಾಗಿ ಮೈಯೊಡ್ಡಿದ ಜನ ನಮ್ಮಲ್ಲೇ ಇದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದಾಗ, ಆಗಲೇ ನಡುವಯಸ್ಸು ದಾಟುತ್ತಿದ್ದ ಜನ ಬಂದು ರಕ್ತ ಕೊಟ್ಟರು, ಪರೀಕ್ಷೆಗೆ ಕೂತರು. ಹುಟ್ಟಿದಾಗಿನ ಮೈಗೂ ಆಮೇಲೆ ಬರುವ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೂ ಇರುವ ನಂಟು ಅಲ್ಲಿಂದ ತಿಳಿಯುತ್ತಾ ಬಂತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಮಾವಿನ ತೋಟಗಳ ಊರುಗಳಲ್ಲಿ, ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ, ವಯಸ್ಸಾದಂತೆ ನೆನಪು ಹೇಗೆ ಕುಂದುತ್ತದೆ ಅಂತ. ಗುರಿ 10,000 ಜನ. ಅವರ್ಯಾರೂ ಫಾರ್ವರ್ಡ್ ಮೆಸೇಜಿಗೆ ಸಿಕ್ಕವರಲ್ಲ. ಮನೆಬಾಗಿಲಿಗೆ ಹೋಗಿ, ಕೂತು, ಕನ್ನಡದಲ್ಲೋ ತೆಲುಗಿನಲ್ಲೋ ವಿವರಿಸಿ ಕರೆತರಬೇಕು. ಕಷ್ಟದ ಕೆಲಸ. ಲಿಂಕು ಸುಲಭ.

ಹುಡುಗರನ್ನು ಬೈದು ಉಪಯೋಗವಿಲ್ಲ. 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್‌ಡಿ ಒಪ್ಪಿಸುವ ಮೊದಲು ಒಂದು ಪೇಪರ್ ಪ್ರಕಟವಾಗಲೇಬೇಕಿತ್ತು, ಎರಡು ಸಮ್ಮೇಳನದಲ್ಲಿ ಮಂಡಿಸಲೇಬೇಕಿತ್ತು. 2022ರಲ್ಲಿ ಆ ಕಡ್ಡಾಯ ತೆಗೆದರು. ಫಾರ್ಮುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಈಗಂತೂ ಸಂಶೋಧನಾರ್ಥಿಗಳದೇ ಗ್ರೂಪುಗಳಿವೆ: ನೀವು ನನ್ನದು ತುಂಬಿ, ನಾನು ನಿಮ್ಮದು ತುಂಬುತ್ತೇನೆ. ಅಲ್ಲಿ ಒಬ್ಬನೇ ಬೆಳಿಗ್ಗೆ ಸ್ತ್ರೀಶಕ್ತಿ ಸಂಘದ ಸದಸ್ಯೆ, ಮಧ್ಯಾಹ್ನ ಅಡಿಕೆ ಬೆಳೆಗಾರ, ಸಂಜೆ ಹೊತ್ತಿಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕೊನೆಗೆ ಎಲ್ಲ ಪ್ರಬಂಧಗಳ ಸಲಹೆಯೂ ಒಂದೇ, ಸರ್ಕಾರ ಜಾಗೃತಿ ಮೂಡಿಸಬೇಕು.

ನಾನು ಸಹಕರಿಸಲು ತಯಾರಿದ್ದೇನೆ. ಮೊದಲ ಪುಟದಲ್ಲೂ 'ಒಪ್ಪುವುದಿಲ್ಲ' ಅಂತ ಒಂದು ಗುಂಡಿ ಕೊಡಿ, ಸಂಬಳದ ಪ್ರಶ್ನೆಯ ನಕ್ಷತ್ರ ತೆಗೆಯಿರಿ, ಡಿಗ್ರಿ ಬಂದ ಮೇಲೆ ಏನು ತಿಳಿಯಿತು ಅಂತ ಒಂದು ಪುಟ ನಮಗೂ ಕಳಿಸಿ. ಅಲ್ಲಿಯವರೆಗೆ ನನ್ನ ವಯಸ್ಸು 18ರಿಂದ 25, ವಾರ್ಷಿಕ ಆದಾಯ 25 ಲಕ್ಷಕ್ಕೂ ಮೇಲೆ, ವೃತ್ತಿ ಗೃಹಿಣಿ, ಮತ್ತು ಕೇಳಿದ ಎಲ್ಲದಕ್ಕೂ ನಾನು ತಟಸ್ಥ.