ಮಿಲ್ ನೋಡೋಕೆ ಹೋದ ಅಮ್ಮ

ಮಿಲ್‌ಗೆ ಹೋಗೋಣ ಎಂದ ಕೂಡಲೇ ಅಮ್ಮ ಕೇಳಿದ್ದು, "ಏನು ಬೀಸಿಸ್ಬೇಕೇ?"

ತಪ್ಪು ಅವಳದಲ್ಲ. ನಮ್ಮ ಮನೆಯಲ್ಲಿ ಮಿಲ್ ಎಂದರೆ ಒಂದೇ ಅರ್ಥ. ಸ್ಟೀಲ್ ಡಬ್ಬಿ ತುಂಬ ರಾಗಿ ತುಂಬಿ, ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿ, ಸೈಕಲ್ ಕ್ಯಾರಿಯರ್‌ಗೆ ಟ್ಯೂಬ್‌ನಲ್ಲಿ ಬಿಗಿದುಕೊಂಡು ಹೋಗುವ ಜಾಗ. ಡಿಸೆಂಬರ್ ಚಳಿಯಲ್ಲಿ, ಅದೂ ರಾತ್ರಿ ಹೊತ್ತು, ಟಿಕೆಟ್ ತಗೊಂಡು ಮಿಲ್ ನೋಡೋಕೆ ಯಾರಾದರೂ ಹೋಗ್ತಾರಾ? "ಕ್ರಿಸ್‌ಮಸ್‌ಗೆ ದೀಪ ಹಾಕಿರ್ತಾರಮ್ಮ" ಎಂದೆ. "ಮಿಲ್ಲಿಗಾ?" ಎಂದಳು. ಆಮೇಲೆ ಅವಳೇ ಸಮಾಧಾನ ಮಾಡಿಕೊಂಡಳು. ನಮ್ಮೂರಲ್ಲೂ ಆಯುಧಪೂಜೆ ದಿನ ಮಿಲ್ ತೊಳೆದು, ಬಾಗಿಲಿಗೆ ಬಾಳೆಕಂದು ಕಟ್ಟಿ, ಒಂದು ಸೀರಿಯಲ್ ಸೆಟ್ ಇಳಿಬಿಟ್ಟಿರುತ್ತಿದ್ದರಲ್ಲ, ಅಂಥದ್ದೇ ಏನೋ ಇರಬೇಕು ಅಂತ.

ನಾವಿರೋದು ಅಮೆರಿಕದ ಒಹಾಯೊದ ಕೊಲಂಬಸ್‌ನಲ್ಲಿ. ಅಲ್ಲಿಂದ ಕಾರಲ್ಲಿ ಸುಮಾರು ಒಂದು ಗಂಟೆ ಹೋದರೆ ಕ್ಲಿಫ್ಟನ್ ಅನ್ನೋ ಹಳ್ಳಿ. ಇನ್ನೂರು ಜನರೂ ಇಲ್ಲದ ಊರು. ಲಿಟಲ್ ಮಿಯಾಮಿ ಅನ್ನೋ ಹೊಳೆ ಇಲ್ಲಿ ಕಲ್ಲಿನ ಕಣಿವೆಯೊಳಗೆ ಇಳಿಯುತ್ತದೆ, ಆ ನೀರಿನ ರಭಸವನ್ನು ನಂಬಿಕೊಂಡೇ 1802ರಲ್ಲಿ ಇಲ್ಲಿ ಹಿಟ್ಟಿನ ಮಿಲ್ ಶುರುವಾಗಿದ್ದು. ಮಿಯಾಮಿ ಅಂತ ಕೇಳಿ ಮಗ, "ಬೀಚ್ ಇದ್ಯಾ?" ಅಂದ. ಇಲ್ಲಪ್ಪ, ಇದು ಈ ಕಡೆ ಇದ್ದ ಮೂಲನಿವಾಸಿಗಳ ಹೆಸರು, ಆ ಫ್ಲಾರಿಡಾದ ಊರಿಗೂ ಇದಕ್ಕೂ ಸಂಬಂಧ ಇಲ್ಲ ಅಂದೆ. ಅವನಿಗೆ ನಿರಾಸೆ. ಸಾಂಟಾ ಇರ್ತಾನೆ ಎಂದ ಮೇಲೆ ಸರಿಹೋದ.

ದೀಪ ಹಾಕೋದು ಸಂಜೆ ಆರಕ್ಕೆ. ನಾವು ಐದೂವರೆಗೇ ಹೋಗಿ ನಿಂತೆವು. ಇವರು ಪಾರ್ಕಿಂಗ್ ಸಿಗಲ್ಲ ಪಾರ್ಕಿಂಗ್ ಸಿಗಲ್ಲ ಅಂತ ಮನೆಯಿಂದ ಹೊರಡುವಾಗಲೇ ಎಲ್ಲರನ್ನೂ ಓಡಿಸಿದ್ದರ ಫಲ ಅದು. ಡಿಸೆಂಬರ್‌ನಲ್ಲಿ ಅಷ್ಟು ಹೊತ್ತಿಗೆಲ್ಲ ಹೆಚ್ಚುಕಡಿಮೆ ಕತ್ತಲು. ಅಮ್ಮ ಥರ್ಮಲ್ ಪ್ಯಾಂಟ್ ಮೇಲೆ ಸೀರೆ, ಸೀರೆ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ನನ್ನ ಹಳೇ ಜಾಕೆಟ್, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿ, ಮೂಗುತಿ ಮಾತ್ರ ಕಾಣುವ ಹಾಗೆ ನಿಂತಿದ್ದಳು. ಅಪ್ಪ ಮಂಕಿ ಕ್ಯಾಪ್. ಊರಿಂದ ತಂದಿದ್ದು. ಅದು ಬೇಡ ಅಂತ ನಾನು ಎರಡು ಸಲ ಹೇಳಿದ್ದೆ, ಆ ಚಳಿಯಲ್ಲಿ ನಮ್ಮೆಲ್ಲರಿಗಿಂತ ಬೆಚ್ಚಗಿದ್ದವರು ಅವರೊಬ್ಬರೇ.

ಆ ಅರ್ಧ ಗಂಟೆ ನನಗೆ ಇಷ್ಟವಾಯಿತು, ಯಾಕೋ. ಎದುರಿಗೆ ದೊಡ್ಡ ಕಟ್ಟಡದ ಕಪ್ಪು ಆಕಾರ, ಪಕ್ಕದಲ್ಲಿ ನೀರಿನ ಚಕ್ರ, ಕೆಳಗೆಲ್ಲೋ ಹೊಳೆ. ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಸುತ್ತ ನೂರಾರು ಜನ, ಎಲ್ಲರ ಬಾಯಲ್ಲೂ ಹೊಗೆ. ಮೈಸೂರು ಅರಮನೆ ಮುಂದೆ ಭಾನುವಾರ ಏಳು ಗಂಟೆಗೆ ಕಾಯ್ತಾ ನಿಂತ ಹಾಗೇ ಇತ್ತು. ಅಲ್ಲೂ ಅಷ್ಟೇ, ಗೇಟಿನ ಹತ್ತಿರ ಕಡ್ಲೆಕಾಯಿ ತಿನ್ನುತ್ತಾ ನಿಂತಿರುತ್ತೇವೆ, ಇನ್ನೂ ಹಾಕ್ಲಿಲ್ಲ ಇನ್ನೂ ಹಾಕ್ಲಿಲ್ಲ ಅನ್ನುತ್ತಿರುತ್ತೇವೆ, ಪಕ್ಕಕ್ಕೆ ತಿರುಗಿ ಯಾರ ಹತ್ತಿರವೋ ಮಾತಾಡುವಾಗಲೇ ಹಾಕಿಬಿಡುತ್ತಾರೆ.

ಇಲ್ಲೂ ಹಾಗೇ ಆಯಿತು. ನಾನು ಮಗಳ ಗ್ಲೌಸ್ ಹುಡುಕಲು ಬಗ್ಗಿದ್ದೆ. ಜನ "ಹೋ" ಅಂದರು. ತಲೆ ಎತ್ತಿದರೆ ಮಿಲ್ಲು, ಚಕ್ರ, ಮರಗಳು, ಸೇತುವೆ, ಕಣಿವೆಯ ಗೋಡೆ, ಎಲ್ಲ ಒಟ್ಟಿಗೆ ಹತ್ತಿಕೊಂಡಿದೆ. ಬಂಡೆ ಮೇಲಿಂದ ಹೊಳೆಗೆ ನೂರು ಅಡಿಯ ದೀಪದ ಜಲಪಾತ ಸುರಿಯುತ್ತಿದೆ. ಪಕ್ಕದಲ್ಲಿ ನೋಡಿದರೆ ಅಮ್ಮ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದಾಳೆ.

ಇದು ಅವಳ ಅಭ್ಯಾಸ. ಸಂಜೆ ಸ್ವಿಚ್ ಹಾಕಿದ ಕೂಡಲೇ ಟ್ಯೂಬ್‌ಲೈಟ್‌ಗೂ ಕೈಮುಗಿಯುವವಳು. ಕರೆಂಟ್ ಹೋಗಿ ಬಂದರೆ ಇನ್ನೊಂದು ಸಲ. ಚಿಕ್ಕವರಿದ್ದಾಗ ನಾವೂ ಮಾಡುತ್ತಿದ್ದೆವು, ಯಾವಾಗ ಬಿಟ್ಟೆವೋ ಗೊತ್ತಿಲ್ಲ. ಇಲ್ಲಿ ನಮ್ಮನೆ ದೀಪ ನಾವು ಬಾಗಿಲು ತೆಗೆದರೆ ತಾನೇ ಹತ್ತಿಕೊಳ್ಳುತ್ತದೆ, ಯಾರಿಗೆ ಕೈಮುಗಿಯೋದು? ಮಗಳು "ಅಜ್ಜಿ, ವೈ ಆರ್ ಯೂ ಪ್ರೇಯಿಂಗ್?" ಅಂತ ಕೇಳಿದಳು. "ದೀಪ ಹಚ್ಚಿದ್ರಲ್ಲಮ್ಮ" ಎಂದಳು ಅಮ್ಮ, ಇದರಲ್ಲಿ ಕೇಳೋಕೇನಿದೆ ಅನ್ನುವ ಹಾಗೆ.

ಅಪ್ಪ ಕೆಇಬಿಯಲ್ಲಿ ಇದ್ದವರು. ರಿಟೈರ್ ಆಗಿ ಹದಿನೈದು ವರ್ಷವಾದರೂ ಬೀದಿದೀಪ ಹಗಲು ಉರಿಯುತ್ತಿದ್ದರೆ ಅವರಿಗೆ ಊಟ ಸೇರಲ್ಲ. "ಎಷ್ಟು ದೀಪ ಅಂತೆ?" ಎಂದರು. 40 ಲಕ್ಷ ಅಂತ ಮಿಲ್‌ನವರ ಲೆಕ್ಕ ಎಂದೆ. "ಅರಮನೆಗೇ ಒಂದು ಲಕ್ಷ ಬಲ್ಬು ಕಣಮ್ಮ" ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಬಿಲ್ ಎಷ್ಟು ಬರತ್ತೆ?"

ದೀಪ ಕಟ್ಟೋಕೇ ಮೂರು ತಿಂಗಳು ಹಿಡಿಯುತ್ತದಂತೆ ಎಂದ ಮೇಲೆ ಅಪ್ಪನಿಗೆ ಗೌರವ ಬಂತು. ಬರದೆ ಏನು? ಗಣೇಶನ ಹಬ್ಬದ ಹಿಂದಿನ ರಾತ್ರಿ ಒಂದೇ ಒಂದು ಸೀರಿಯಲ್ ಸೆಟ್ ಮುಂದೆ ಚಾಪೆ ಹಾಕಿಕೊಂಡು ಕೂತು, ಯಾವ ಬಲ್ಬ್ ಸುಟ್ಟಿದೆ ಅಂತ ಒಂದೊಂದನ್ನೇ ಕಿತ್ತು, ಕಿವಿ ಹತ್ತಿರ ಅಲ್ಲಾಡಿಸಿ, ತಂತಿ ಸದ್ದು ಕೇಳಿ, ಹಲ್ಲಲ್ಲಿ ವೈರ್ ಸುಲಿದು ಜೋಡಿಸುತ್ತಿದ್ದ ಮನುಷ್ಯ ಅವರು. ಒಂದು ಹೋದರೆ ಇಡೀ ಸಾಲು ಹೋಗುತ್ತಿದ್ದ ಕಾಲ. ಹನ್ನೊಂದು ಗಂಟೆಗೆ ಒಮ್ಮೆಲೇ ಹತ್ತಿಕೊಂಡಾಗ ಅಮ್ಮ ಅಡುಗೆಮನೆಯಿಂದ, ಕೈಯಲ್ಲಿ ಕಡುಬಿನ ಹೂರಣ ಇದ್ದರೂ, ಹಾಗೇ ಕೈಮುಗಿಯುತ್ತಿದ್ದಳು.

ಇನ್ನೊಂದು ವಿಷಯ ಹೇಳಿದ್ದಕ್ಕೆ ಅಪ್ಪನಿಗೆ ಇನ್ನೂ ಖುಷಿಯಾಯಿತು. ಕಳೆದ ಶತಮಾನದ ಶುರುವಿನಲ್ಲಿ ಇದೇ ಮಿಲ್ಲು ಇದೇ ಹೊಳೆ ನೀರಿಂದ ಕರೆಂಟ್ ಮಾಡಿ ಅಕ್ಕಪಕ್ಕದ ಹಳ್ಳಿಗಳಿಗೆ ಕೊಡುತ್ತಿತ್ತು. "ನೋಡು, ನಾವು ಅದಕ್ಕಿಂತ ಮುಂಚೇನೇ!" ಎಂದು ಶುರು ಮಾಡಿದರು. ಶಿವನಸಮುದ್ರ, 1902, ಅಲ್ಲಿಂದ ಕೋಲಾರದ ಗಣಿಗೆ 90 ಮೈಲಿಗೂ ಜಾಸ್ತಿ ಲೈನ್, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ. ಈ ಭಾಷಣ ನಮಗೆಲ್ಲ ಬಾಯಿಪಾಠ. ಪಕ್ಕದಲ್ಲಿ ನಿಂತಿದ್ದ ಗಡ್ಡದ ಅಜ್ಜ ಒಬ್ಬರು ಮಾತ್ರ ಕನ್ನಡ ಒಂದಕ್ಷರ ಬರದಿದ್ದರೂ ತಲೆಯಾಡಿಸುತ್ತಾ ಕೇಳಿದರು.

ಮಕ್ಕಳು ಅಷ್ಟು ಹೊತ್ತಿಗೆ ಸಾಂಟಾನ ಕಿಟಕಿಗೆ ಅಂಟಿಕೊಂಡಿದ್ದರು. ಕಾಲು ಗಂಟೆಗೊಮ್ಮೆ ಅವನು ಚಿಮಣಿಯಲ್ಲಿ ಮೇಲೆ ಹೋಗುತ್ತಾನೆ. ಮೂರು ಸಲ ನೋಡಿದರು. 3,000ಕ್ಕೂ ಹೆಚ್ಚು ಸಾಂಟಾ ಗೊಂಬೆಗಳಿರುವ ಮ್ಯೂಸಿಯಂ ಇದೆ, ಅಮ್ಮ ಒಳಗೆ ಕಣ್ಣಾಡಿಸಿ "ದಸರಾ ಗೊಂಬೆ ಕೂರಿಸಿದ ಹಾಗಿದೆ, ಆದ್ರೆ ಎಲ್ಲಾ ಒಬ್ಬನೇ" ಎಂದಳು. ಸೇತುವೆಯ ದೀಪಗಳು ಹಾಡಿಗೆ ತಕ್ಕ ಹಾಗೆ ಕುಣಿಯುವುದನ್ನು ವಿಡಿಯೋ ಮಾಡೋಣ ಅಂತ ಫೋನ್ ತೆಗೆದೆ. ಚಳಿಗೆ ಆಫ್ ಆಗಿಹೋಯಿತು. ಹಾಗಾಗಿ ಬರೀ ಕಣ್ಣಲ್ಲೇ ನೋಡಬೇಕಾಯಿತು.

ಅಮ್ಮ ಎಲ್ಲ ನೋಡಿ ಮುಗಿಸಿ ನನ್ನ ತೋಳು ಜಗ್ಗಿದಳು. "ಚೆನ್ನಾಗಿದೆ. ಬೀಸೋದೆಲ್ಲಿ?"

ಅವಳಿಗೆ ಕಲ್ಲು ನೋಡಬೇಕಿತ್ತು. ಕೆಳಗಿನ ಕಲ್ಲು ಅಲ್ಲಾಡಲ್ಲ, ಮೇಲಿನದು ಮಾತ್ರ ತಿರುಗುತ್ತದೆ, ನಮ್ಮ ಬೀಸೋಕಲ್ಲಿನ ಹಾಗೇ, ಆದರೆ ಗೂಟ ಹಿಡಿದು ತಿರುಗಿಸೋ ಬದಲು ನೀರು ತಿರುಗಿಸುತ್ತದೆ ಎಂದು ಗೊತ್ತಿದ್ದಷ್ಟು ಹೇಳಿದೆ. ಸಾಲಲಿಲ್ಲ. ನಮ್ಮೂರ ಮಿಲ್‌ನಲ್ಲಿ ಅವಳಿಗೊಂದು ಹಕ್ಕಿತ್ತು. ಯಾರಾದರೂ ಮೆಣಸಿನಕಾಯಿ ಹಾಕಿಸಿದ ಮೇಲೆ ಅವಳ ರಾಗಿ ಹಾಕಲು ಬಿಡುತ್ತಿರಲಿಲ್ಲ. ಮಧ್ಯೆ ಬೇರೆಯವರ ಗೋಧಿ ಹೋಗಲಿ ಅಂತ ಕಾಯುತ್ತಿದ್ದಳು. ಬೀಳುವ ಹಿಟ್ಟಿಗೆ ಬೆರಳು ಚಾಚಿ, ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಇನ್ನೊಂಚೂರು ನುಣ್ಣಗೆ ಮಾಡಪ್ಪ" ಅನ್ನದೆ ಯಾವತ್ತೂ ಬಂದವಳಲ್ಲ. ವಾಪಸ್ ಬರುವಾಗ ಡಬ್ಬಿ ಬಿಸಿ, ನನ್ನ ಕೆಲಸ ಅದನ್ನು ಹಿಂದಿನಿಂದ ಹಿಡಿದುಕೊಂಡು ನಡೆಯೋದು. ಬೆಳಿಗ್ಗೆ ಚಳಿಯಲ್ಲಿ ಅಂಗೈಗೆ ಹಿತವಾಗುತ್ತಿತ್ತು.

ಕಲ್ಲು ಸಿಗದಿದ್ದರೂ ಅಮ್ಮ ಬರಿಗೈಲಿ ಬರಲಿಲ್ಲ. ಅಂಗಡಿಯಲ್ಲಿ ಪ್ಯಾನ್‌ಕೇಕ್ ಹಿಟ್ಟು ಮಾರುತ್ತಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ನೋಡಿದಳು. "ತಣ್ಣಗಿದೆ" ಎಂದಳು. ಆದರೂ ಮಿಲ್‌ಗೆ ಬಂದು ಹಿಟ್ಟು ತರದೆ ಹೋಗೋದು ಹೇಗೆ ಅಂತ ಒಂದು ಚೀಲ ತಗೊಂಡಳು.

ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಾವಲಿ ಕಾದಿತ್ತು. ಹಿಟ್ಟು ಕಲಸಿ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಹಾಕಿ, ಗೋಧಿ ದೋಸೆ ಥರ ಮಾಡಿದರಾಯಿತು ಅಂತ ಅವಳ ಲೆಕ್ಕ. ಸೌಟಿನಲ್ಲಿ ಹುಯ್ದು ಹರಡಲು ಹೋದರೆ ಅದು ಹರಡೋ ಬದಲು ಗಮ್ಮನೆ ಉಬ್ಬಿಕೊಂಡಿತು. ಅಮ್ಮ ಸೌಟು ಹಿಡಿದು ಅದನ್ನೇ ನೋಡುತ್ತಾ ನಿಂತಳು. "ಸೋಡಾ ಜಾಸ್ತಿ ಹಾಕಿದಾರೆ, ಸಕ್ಕರೆ ಬೇರೆ" ಎಂದಳು. ಮಕ್ಕಳು ಅದಕ್ಕೆ ಚಟ್ನಿಪುಡಿ, ತುಪ್ಪ ಹಾಕಿಕೊಂಡು ನಾಲ್ಕು ನಾಲ್ಕು ತಿಂದರು. ಅಪ್ಪ ಒಂದು ತಿಂದು, ಇನ್ನೊಂದು ಹಾಕೋಕೆ ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದರು.

"ಮುಂದಿನ ಸಲ," ಎಂದಳು ಅಮ್ಮ, "ರಾಗಿ ತಗೊಂಡು ಹೋಗಿ ಕೇಳೋಣ."