ಬೆಂಗಳೂರಿಗೆ ಬೆಂಗಳೂರಿನದೇ ಲೆಕ್ಕ ಬೇಕು

ಹೋದ ವರ್ಷ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನಗೆ ಬಿಪಿ ಇದೆ ಅಂತ ಗೊತ್ತಾಯ್ತು. ಡಾಕ್ಟರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ನಿಯಮ ತೋರಿಸಿದರು. ನನ್ನಂಥ ಭಾರತೀಯರಿಗೆ 55 ತುಂಬಿಲ್ಲದಿದ್ದರೆ ಒಂದು ಬಗೆಯ ಮಾತ್ರೆ, ತುಂಬಿದ್ದರೆ ಇನ್ನೊಂದು. ಸಕ್ಕರೆ ಕಾಯಿಲೆ ಇದ್ದರೆ ವಯಸ್ಸೆಷ್ಟೇ ಇರಲಿ, ಮೊದಲನೆಯದೇ. ನನಗೆ 46, ಹಾಗಾಗಿ ರಾಮಿಪ್ರಿಲ್. ಚಿಕಿತ್ಸೆಗೆ ಮಾರ್ಗಸೂಚಿ ಬರೆಯೋ ನೈಸ್ ಅನ್ನೋ ಇಲ್ಲಿನ ಸಂಸ್ಥೆ ಬರೆದಿರುವ ಈ ನಿಯಮವನ್ನು ಯಾರು ಬೇಕಾದರೂ ಓದಬಹುದು, ಪ್ರಶ್ನೆ ಕೇಳಬಹುದು. ಅದು ನನಗೆ ತುಂಬಾ ಹಿಡಿಸಿತು.

ಡಿಸೆಂಬರಿನಲ್ಲಿ ಬಸವನಗುಡಿಯಲ್ಲಿ ಅಪ್ಪನ ಜೊತೆ ಅವರ ಹಳೇ ಡಾಕ್ಟರ್ ಹತ್ತಿರ ಹೋಗಿದ್ದೆ. ಅವರು ಬಗ್ಗಿ, ಅಪ್ಪನ ಕಾಲಿನ ಗಿಣ್ಣಿನ ಹತ್ತಿರ ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು. "ಅಮ್ಲೋಡಿಪಿನ್‌ದೇ ಈ ಊತ. ಆ ಬಿಪಿ ಮಾತ್ರೆ ಬದಲಾಯಿಸೋಣ ರಾಯರೇ" ಅಂದರು. ಇಂಗ್ಲೆಂಡಿನಲ್ಲಿ ನನ್ನ ಪಾದ ಯಾರೂ ಮುಟ್ಟಿ ನೋಡಿಲ್ಲ. ಆದರೆ ಆ ಡಾಕ್ಟರಿಗೆ ಗೊತ್ತಿರುವುದೆಲ್ಲ ಅವರ ತಲೆಯಲ್ಲೇ ಇದೆ. ಅವರು ಕ್ಲಿನಿಕ್ ಮುಚ್ಚಿದರೆ ಅದೂ ಹೋಯ್ತು, ಅಲ್ವಾ?

ನಮ್ಮಲ್ಲಿ ಬರೆದ ನಿಯಮವೇ ಇಲ್ಲ ಅಂತಲ್ಲ. 2017ರಲ್ಲಿ ಶುರುವಾದ ರಾಷ್ಟ್ರೀಯ ಬಿಪಿ ಯೋಜನೆಯಲ್ಲಿ ಸರಳವಾದ ಒಂದು ಕ್ರಮವಿದೆ. ಅದು ಒಳ್ಳೆಯದೇ. ನನ್ನ ಆಸೆ ಅದರ ಮುಂದಿನ ಹೆಜ್ಜೆ: ಯಾರಿಗೆ ಯಾವ ಮಾತ್ರೆ ಅನ್ನೋದನ್ನು ನಮ್ಮ ಜನರನ್ನೇ ನೋಡಿ ಬರೆಯಬೇಕು. ಇಂಗ್ಲೆಂಡಿನದನ್ನು ಸುಮ್ನೆ ತಂದು ಹಾಕಿದರೆ ಆಗಲ್ಲ. ಹೃದಯದ ಅಪಾಯ ಅಳೆಯೋ ಇಲ್ಲಿನ ಕ್ಯೂರಿಸ್ಕ್ ಲೆಕ್ಕದಲ್ಲಿ 'ಭಾರತೀಯ' ಅಂತ ಒಂದು ಖಾನೆ ಇದೆ. ಆದರೆ ಅದು ಇಲ್ಲಿನ ಕ್ಲಿನಿಕ್‌ಗಳ ದಾಖಲೆಯಿಂದ ಹುಟ್ಟಿದ್ದು, ಬಸವನಗುಡಿಯಿಂದಲ್ಲ.

ಹಾಗಂತ ಹಳೇ ಫೈಲು ಕೆದಕಿದರೆ ಸಾಲದು. ಕಾಯಿಲೆ ಜಾಸ್ತಿ ಇದ್ದವರಿಗೇ ಡಾಕ್ಟರ್ ಜೋರಾದ ಔಷಧಿ ಕೊಟ್ಟಿರುತ್ತಾರೆ. ಆಮೇಲೆ ಲೆಕ್ಕ ಹಾಕಿದರೆ ಆ ಔಷಧಿಯೇ ಕೆಟ್ಟದ್ದು ಅನ್ನಿಸುತ್ತದೆ. ಅದಕ್ಕೇ ಚೀಟಿ ಎತ್ತಿದ ಹಾಗೆ ಔಷಧಿ ಹಂಚಿ ನೋಡುವ ಪ್ರಯೋಗ ಬೇಕು. ಜೊತೆಗೆ, ಯಾವುದನ್ನು 'ಒಳ್ಳೆಯದಾಯ್ತು' ಅಂತ ಎಣಿಸಬೇಕು ಅನ್ನೋದನ್ನೂ ಮೊದಲೇ ತೀರ್ಮಾನಿಸಬೇಕು. ಸ್ಟ್ರೋಕ್ ತಪ್ಪುವುದಷ್ಟೇ ಸಾಕಾ? ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಮಣೆಯಿಂದ ಏಳುವಾಗ ತಲೆ ಸುತ್ತಿ ಬಿದ್ದುಬಿಡ್ತೀನೇನೋ ಅನ್ನೋದೇ ಅಪ್ಪನ ದೊಡ್ಡ ಭಯ. ಆ ಭಯಕ್ಕೂ ನಿಯಮದಲ್ಲಿ ಜಾಗ ಇರಬೇಕು.

ಹೊಸ ಮಾತ್ರೆ ಶುರುವಾದ ಮೇಲೆ ಊತ ಇಳಿದಿದೆ. ಅಪ್ಪ ದಿನಾ ಬಿಪಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ, ತಿಥಿಯ ಪಕ್ಕ, ಬರೆದಿಡುತ್ತಾರೆ. ತಲೆ ಸುತ್ತಿದ ದಿನ ಒಂದು ಸೊನ್ನೆ ಸುತ್ತುತ್ತಾರೆ. ಮುಂದಿನ ಸಲ ಆ ಕ್ಯಾಲೆಂಡರನ್ನೇ ಕೆಳಗಿಳಿಸಿ ಡಾಕ್ಟರ್ ಹತ್ತಿರ ತಗೊಂಡು ಹೋಗಿ ಅಂದಿದ್ದೇನೆ.